ಕಾಳರಾತ್ರಿಯ ವಾಹನ

ಶರನ್ನವರಾತ್ರಿಯ ಏಳನೆಯ ದಿನದ ಹೊತ್ತಿಗೆ ನಮ್ಮ ಮನೆಗಳಲ್ಲಿ ಪುಸ್ತಕಗಳನ್ನು ಪೀಠದ ಮೇಲಿಟ್ಟು ಶಾರದೆಯನ್ನು ಆವಾಹಿಸುವ ಸಂಭ್ರಮ. ನವದುರ್ಗೆಯರನ್ನು ಕ್ರಮವಾಗಿ ಆರಾಧಿಸುವವರಿಗಾದರೋ ಅದು ಕಾಳರಾತ್ರಿಯ ದಿನ. ಕಗ್ಗತ್ತಲಿನ ಮೈಬಣ್ಣ, ಕೆದರಿದ ಕೇಶ, ಮೂರು ಕಣ್ಣು. ರೂಪ ಭಯಂಕರವಾದರೂ ಕೊಡುವ ಫಲ ಮಂಗಳಕರವಾದುದರಿಂದ ಆಕೆಗೆ ಶುಭಂಕರಿ ಎಂಬ ಹೆಸರೂ ಉಂಟು. ಈ ಮಹಾತಾಯಿ ಏರಿ ಕುಳಿತಿರುವುದು ಸಿಂಹವನ್ನಲ್ಲ, ಕತ್ತೆಯನ್ನು. ಸಿಡುಬಿನ ಭಯದಿಂದ ಕಾಪಾಡುವವಳೆಂದು ಉತ್ತರದ ಜನ ನಂಬಿದ ಶೀತಲಾದೇವಿಗೂ ಅದೇ ವಾಹನ.

ದಸರೆಯೆಂದರೆ ನಮ್ಮ ಕಣ್ಣ ಮುಂದೆ ಬರುವುದು ಮೈಸೂರು. ಅಂಬಾರಿ ಹೊತ್ತ ಆನೆ, ಆಯುಧಪೂಜೆಯ ದಿನ ಅರಮನೆಯಲ್ಲಿ ಪೂಜೆಗೊಳ್ಳುವ ಪಟ್ಟದ ಕುದುರೆ, ಪಟ್ಟದ ಹಸು. ಊರು ಬಿಟ್ಟು ಪರಪ್ರಾಂತದ ಮಹಾನಗರ ಸೇರಿದ ನಾವು ಅದೇ ನೆನಪಿನಲ್ಲಿ ಸ್ಕೂಟರಿಗೂ ಕಾರಿಗೂ ಅರಿಶಿನ ಕುಂಕುಮವಿಟ್ಟು ಬೂದುಗುಂಬಳ ಒಡೆಯುತ್ತೇವೆ. ದೇವಿಯ ವಾಹನವಾದ ಕತ್ತೆಗೆ ಮಾತ್ರ ಯಾರೂ ಕುಂಕುಮವಿಟ್ಟುದನ್ನು ಕಾಣೆವು.

ನಿಜ, ಪುರಾಣಗಳೆಲ್ಲ ಕತ್ತೆಯನ್ನು ಹೊಗಳಿಲ್ಲ. ತಾಳವನದಲ್ಲಿ ಬಲರಾಮನ ಕೈಯಲ್ಲಿ ಮಡಿದ ಧೇನುಕಾಸುರ ಕತ್ತೆಯ ರೂಪದಲ್ಲಿದ್ದವನು. ಮನೆಮಾತಿನಲ್ಲಿಯೂ ಕತ್ತೆಯೆಂಬುದು ಬೈಗುಳ. ಆದರೂ ನೀತಿವಿದನಾದ ಚಾಣಕ್ಯನ ಹೆಸರಿನಲ್ಲಿ ಬಂದ ಗ್ರಂಥದಲ್ಲಿ ಕತ್ತೆಯಿಂದ ಕಲಿಯಬೇಕಾದ ಮೂರು ಗುಣಗಳನ್ನು ಹೇಳಿದೆ: ದಣಿದರೂ ಹೊರೆ ಹೊರುವುದು, ಚಳಿಬಿಸಿಲುಗಳನ್ನು ಲೆಕ್ಕಿಸದಿರುವುದು, ಸಂತೋಷದಿಂದ ಸಂಚರಿಸುವುದು. ಈ ಪ್ರಶಂಸೆಯಿಂದ ಕತ್ತೆಗೆ ಲಾಭವಾದಂತೆ ಕಾಣೆ. ಸಹಿಸುತ್ತದೆಂದು ತಿಳಿದಮೇಲೆ ಇನ್ನಷ್ಟು ಹೇರುವುದೇ ಮನುಷ್ಯಸ್ವಭಾವ. ೧೯೬೫ರ ಸರಕಾರಿ ನಿಯಮವೊಂದು ಕತ್ತೆಯ ಬೆನ್ನಿಗೆ ೫೦ ಕಿಲೋಗ್ರಾಮಿಗಿಂತ ಹೆಚ್ಚು ಹೇರಬಾರದೆಂದು ವಿಧಿಸಿದೆ. ಇಟ್ಟಿಗೆ, ಮರಳು ಹೊತ್ತು ಸಾಗುವ ಸಾಲನ್ನು ಕಂಡವರಿಗೆ ಆ ನಿಯಮದ ಗತಿ ಗೊತ್ತಿದೆ.

ಶ್ರೀಮದ್ಭಾಗವತದ ಏಳನೆಯ ಸ್ಕಂಧದ ಹದಿನಾಲ್ಕನೆಯ ಅಧ್ಯಾಯದಲ್ಲಿ ನಾರದರು ಧರ್ಮರಾಯನಿಗೆ ಗೃಹಸ್ಥಧರ್ಮವನ್ನು ಉಪದೇಶಿಸುತ್ತಾರೆ. ಅಲ್ಲಿ ಜಿಂಕೆ, ಒಂಟೆ, ಕತ್ತೆ, ಕೋತಿ, ಇಲಿ, ಹಾವು, ಹಕ್ಕಿ, ನೊಣ ಇವನ್ನೆಲ್ಲ ಗೃಹಸ್ಥನು ತನ್ನ ಮಕ್ಕಳಂತೆ ಕಾಣಬೇಕು, ಮಕ್ಕಳಿಗೂ ಇವಕ್ಕೂ ಇರುವ ಭೇದವಾದರೂ ಎಷ್ಟು, ಎಂದು ಅವರು ಕೇಳುತ್ತಾರೆ. ಹಸುವನ್ನು ಪೂಜಿಸೆಂದರೆ ಕಷ್ಟವಿಲ್ಲ, ಹಾಲಿನ ಋಣವಿದೆ. ಋಣವಾಗಲಿ ಲಾಭವಾಗಲಿ ಇಲ್ಲದ ಪ್ರಾಣಿಗಳನ್ನೇ ಆರಿಸಿ, ಅವುಗಳ ನಡುವೆ ಕತ್ತೆಯನ್ನು ಹೆಸರಿಸಿ ಹೇಳಿರುವುದು ಗಮನಾರ್ಹ. ಈ ಮಾತು ಸಂನ್ಯಾಸಿಗೆ ಹೇಳಿದುದಲ್ಲ, ಮನೆಮಠ ಉಳ್ಳ ನಮ್ಮಂಥವರಿಗೆ. ಪ್ರಹ್ಲಾದಚರಿತ್ರೆ ಬರುವುದೂ ಇದೇ ಸ್ಕಂಧದಲ್ಲಿ. ವರಾಹನರಸಿಂಹನ ಸಿಂಹಾಚಲದ ನೆರಳಿನಲ್ಲಿ, ವಿಶಾಖಪಟ್ಟಣದಲ್ಲಿ ಬಾಳುತ್ತಿರುವ ಕನ್ನಡಿಗರಿಗೆ ಇದು ದೂರದ ಮಾತಾಗಬಾರದು.

ಮಕ್ಕಳಂತೆ ಎಂಬ ಒಂದು ಮಾತಿನಲ್ಲಿ ಎಷ್ಟು ಹೊಣೆ ಅಡಗಿದೆಯೆಂಬುದನ್ನು ಯೋಚಿಸಿರಿ. ಮಗುವನ್ನು ಒಮ್ಮೆ ಮುದ್ದಿಸಿ ಹೋಗುವವನು ನೆಂಟ. ತಂದೆಯಾದವನು ಸೋರುವ ಮಾಡನ್ನು ಸರಿಪಡಿಸುತ್ತಾನೆ, ಚುಚ್ಚುಮದ್ದಿನ ದಿನವನ್ನು ನೆನಪಿಟ್ಟುಕೊಳ್ಳುತ್ತಾನೆ, ನಾಳೆಯ ಅನ್ನಕ್ಕೆ ಇಂದೇ ಅಕ್ಕಿ ತರುತ್ತಾನೆ.

ಪೈಠಣದ ಸಂತ ಏಕನಾಥರ ಕಥೆ ನಿಮಗೆ ತಿಳಿದದ್ದೇ. ಕಾಶಿಯಿಂದ ಗಂಗೋದಕವನ್ನು ಕಾವಡಿಯಲ್ಲಿ ಹೊತ್ತು, ರಾಮೇಶ್ವರನಿಗೆ ಅಭಿಷೇಕ ಮಾಡುವ ಸಂಕಲ್ಪದಿಂದ ಯಾತ್ರಿಕರೊಡನೆ ಹೊರಟಿದ್ದರು. ಸುಡುವ ಮರಳಿನಲ್ಲಿ ಬಾಯಾರಿ ಬಿದ್ದು ಒದ್ದಾಡುತ್ತಿದ್ದ ಕತ್ತೆಯೊಂದನ್ನು ಕಂಡು ಆ ಪವಿತ್ರಜಲವನ್ನೆಲ್ಲ ಅದರ ಬಾಯಿಗೆ ಹನಿಸಿದರು. ಸಂಗಡಿಗರು ದಿಗಿಲುಗೊಂಡಾಗ, ರಾಮೇಶ್ವರನು ಇಲ್ಲಿಗೇ ಬಂದು ಸ್ವೀಕರಿಸಿದನೆಂದು ನಕ್ಕರು. ಕೇಳಿ ಕಣ್ಣೊರೆಸಿಕೊಳ್ಳುವ ಕಥೆ. ಆದರೆ ಮರುದಿನ ಆ ಕತ್ತೆಗೆ ಮತ್ತೆ ಬಾಯಾರಿತಲ್ಲವೆ? ಸಂತರು ಮುಂದಿನ ಊರಿಗೆ ಸಾಗಿದರು. ಎರಡನೆಯ ದಿನದ ನೀರನ್ನು ಯಾರು ಕೊಟ್ಟರೆಂಬುದು ಕಥೆಯಲ್ಲಿಲ್ಲ. ಪ್ರಾಣಿಗಳ ಆಶ್ರಯಧಾಮದ ಕೆಲಸ ಆರಂಭವಾಗುವುದು ಆ ಎರಡನೆಯ ದಿನದಿಂದ.

ಸಿಂಹಾಚಲದಲ್ಲಿಯೇ ಇದಕ್ಕೊಂದು ಕಹಿ ಉದಾಹರಣೆಯಿದೆ. ಹರಕೆ ಹೊತ್ತವರು ಗಂಡುಕರುವನ್ನು ಸ್ವಾಮಿಗೆ ಒಪ್ಪಿಸುವುದು ಈ ಸೀಮೆಯಲ್ಲಿ ಹಳೆಯ ಸಂಪ್ರದಾಯ. ಹರಕೆ ತೀರಿತು, ಭಕ್ತನ ಭಾರ ಇಳಿಯಿತು. ಹಾಲು ಬಿಡದ ಎಳೆಗರುವನ್ನು ತಾಯಿಯಿಂದ ಅಗಲಿಸಿ ತಂದು ಬಿಟ್ಟರೆ ಅದು ಬದುಕುವುದು ಹೇಗೆ? ಗೋಶಾಲೆಯ ಶಕ್ತಿಗೆ ಮೀರಿ ಬಂದ ಕರುಗಳು ಸಾವಿಗೀಡಾದ ಸುದ್ದಿ ಪತ್ರಿಕೆಗಳಲ್ಲಿ ಬಂದುದುಂಟು. ೧೯೯೬ರಲ್ಲಿ ವಿಶಾಖಪಟ್ಟಣದಲ್ಲಿ ಸ್ಥಾಪನೆಯಾದ ವಿಶಾಖಾ ಪ್ರಾಣಿರಕ್ಷಣಾ ಸೊಸೈಟಿಯವರು ಬೀದಿನಾಯಿ, ಕಡಲಾಮೆಗಳ ಜೊತೆಗೆ ಈ ಕರುಗಳ ಪರವಾಗಿಯೂ ದನಿಯೆತ್ತಿದರು. ಕೊಟ್ಟವರ ಭಕ್ತಿಯಲ್ಲಿ ಕೊರತೆಯಿರಲಿಲ್ಲ. ಕೊರತೆಯಿದ್ದುದು ಕೊಟ್ಟಮೇಲಿನ ವ್ಯವಸ್ಥೆಯಲ್ಲಿ.

ಕತ್ತೆಯ ಇಂದಿನ ಸ್ಥಿತಿ ಇದಕ್ಕಿಂತ ದಾರುಣ. ೨೦೧೨ರ ಜಾನುವಾರು ಗಣತಿಯಲ್ಲಿ ಭಾರತದಲ್ಲಿ ಸುಮಾರು ೩ ಲಕ್ಷ ೨೦ ಸಾವಿರ ಕತ್ತೆಗಳಿದ್ದವು. ೨೦೧೯ರ ಗಣತಿಯಲ್ಲಿ ಉಳಿದದ್ದು ೧ ಲಕ್ಷ ೨೦ ಸಾವಿರದಷ್ಟು. ಮಡಿವಾಳರ ಗಂಟನ್ನು ಈಗ ಟೆಂಪೋ ಹೊರುತ್ತದೆ. ದುಡಿಮೆ ತಪ್ಪಿದ ಪ್ರಾಣಿ ಬೀದಿಗೆ ಬಿದ್ದು ಕಾಗದ, ಪ್ಲಾಸ್ಟಿಕ್ ತಿನ್ನುತ್ತದೆ. ವಿಜಯವಾಡದ ಸುತ್ತಿನ ಕೃಷ್ಣಾ, ಗುಂಟೂರು ಜಿಲ್ಲೆಗಳಲ್ಲಿಯೂ ಪ್ರಕಾಶಂ ಜಿಲ್ಲೆಯಲ್ಲಿಯೂ ಕತ್ತೆಯ ಮಾಂಸ ತಿಂದರೆ ದೇಹಬಲ ಹೆಚ್ಚುತ್ತದೆಂಬ ಮೂಢನಂಬಿಕೆ ಹಬ್ಬಿ, ಆಹಾರದ ಪ್ರಾಣಿಯೆಂದು ಕಾನೂನು ಒಪ್ಪದ ಈ ಜೀವವನ್ನು ಗುಟ್ಟಾಗಿ ಕೊಲ್ಲುವುದು ನಡೆದಿದೆ. ಹಾಗೆ ಬಿಡಿಸಿ ತಂದ ಪ್ರಾಣಿಯನ್ನು ಎಲ್ಲಿಡುವುದು? ಸ್ವಯಂಸೇವಕರು ತಮ್ಮ ಉದ್ಯೋಗದ ನಡುವೆ ಬಿಡುವು ಮಾಡಿಕೊಂಡು, ಕೈಯಿಂದಲೇ ಹಣ ಹಾಕಿ ನಡೆಸುವ ಆಶ್ರಯಗಳೇ ಗತಿ. ನೀಲಗಿರಿಯ ಮಸಿನಗುಡಿಯ ಬಳಿ, ನಮ್ಮ ಬಂಡೀಪುರದ ಗಡಿಯಾಚೆ, ಮುದಿ ಕತ್ತೆ ಕುದುರೆಗಳನ್ನು ಸಾಕುವ ನೆಲೆಯೊಂದುಂಟು. ಮೈಸೂರಿನಲ್ಲಿ ಚಾಮುಂಡಿಬೆಟ್ಟದ ಬುಡದಲ್ಲಿಯೇ ಪಿಂಜರಾಪೋಲ್ ದಶಕಗಳಿಂದ ಮುದಿ ದನಗಳನ್ನು ಸಲಹುತ್ತಿದೆ.

ಇಂಥ ಕಡೆ ಬೇಕಾಗುವುದೇನು? ದೇವರ ಪೂಜೆಗೆ ನಾವು ಮಾಡುವ ಷೋಡಶೋಪಚಾರದ ಕ್ರಮವನ್ನೇ ನೆನೆದರೆ ಸಾಕು.

ಮೊದಲನೆಯದು ಆಸನ. ಕತ್ತೆ ಮೂಲತಃ ಒಣಸೀಮೆಯ ಪ್ರಾಣಿ. ಕುದುರೆಯ ರೋಮದಂತೆ ಅದರ ರೋಮ ಮಳೆನೀರನ್ನು ಜಾರಿಸುವುದಿಲ್ಲ. ನೆನೆದರೆ ಮೈವರೆಗೂ ನೆನೆಯುತ್ತದೆ. ಗೊರಸು ತೇವವನ್ನು ಹೀರಿ ಮೆತ್ತಗಾಗಿ ಕೊಳೆಯುತ್ತದೆ. ಆದುದರಿಂದ ಈ ಕರಾವಳಿಯ ಮಳೆಯಲ್ಲಿ ಕೆಸರಿನಂಗಳವೆಂಬುದು ಅದಕ್ಕೆ ಹಸಿವಿಗಿಂತ ಕಡಿಮೆಯ ಶತ್ರುವಲ್ಲ. ನೆಲವನ್ನು ಎತ್ತರಿಸಿ, ಇಳಿಜಾರು ಕೊಟ್ಟು, ಗರಸು ಹಾಕಿ ಗಟ್ಟಿಸಿ, ನೀರು ಹರಿದುಹೋಗಲು ಚರಂಡಿ ತೋಡಿ, ಮಲಗುವೆಡೆ ಒಣಹುಲ್ಲು ಹರಡಬೇಕು. ಮಾಡನ್ನು ಭದ್ರವಾಗಿ ಬಿಗಿಯಬೇಕು. ೨೦೧೪ರ ಅಕ್ಟೋಬರ್ ೧೨ರಂದು ಹುದ್‌ಹುದ್ ಚಂಡಮಾರುತ ವಿಶಾಖಪಟ್ಟಣಕ್ಕೆ ಅಪ್ಪಳಿಸಿದಾಗ ಸಡಿಲವಾದ ತಗಡು ಏನಾಗುತ್ತದೆಂಬುದನ್ನು ಈ ಊರಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮೇವಿನ ಕೋಣೆ ಎತ್ತರದಲ್ಲಿರಬೇಕು. ಒದ್ದೆಯಾಗಿ ಬೂಷ್ಟು ಹಿಡಿದ ಮೇವು ವಿಷಕ್ಕೆ ಸಮಾನ.

ಬಳಿಕ ಪಾದ್ಯ. ದೇವರ ಪಾದಕ್ಕೆ ಒಂದು ಉದ್ಧರಣೆ ನೀರು ಬಿಟ್ಟು ಮುಂದೆ ಸಾಗುತ್ತೇವೆ. ಇಲ್ಲಿ ಹಾಗೆ ಸಾಗುವಂತಿಲ್ಲ. ಬೆಳೆಯುತ್ತಲೇ ಇರುವ ಗೊರಸನ್ನು ಆರರಿಂದ ಹತ್ತು ವಾರಗಳಿಗೊಮ್ಮೆ ಬಲ್ಲವನು ಕೊರೆದು ಸಮ ಮಾಡಬೇಕು; ತಪ್ಪಿದರೆ ಗೊರಸು ಜೋಡಿನ ಮೂತಿಯಂತೆ ಮೇಲಕ್ಕೆ ಬಾಗಿ ಪ್ರಾಣಿ ಕುಂಟುತ್ತದೆ. ದಿನವೂ ಪಾದವನ್ನೆತ್ತಿ ಸಿಕ್ಕ ಕಲ್ಲು ಮಣ್ಣುಗಳನ್ನು ತೆಗೆಯಬೇಕು. ಲಾಳದ ಕೆಲಸ ಬಲ್ಲವರು ಈಗ ವಿರಳ. ಆಶ್ರಯಧಾಮದ ಇಬ್ಬರು ಯುವಕರಿಗೆ ಈ ವಿದ್ಯೆಯನ್ನು ಕಲಿಸಲು ತಗಲುವ ವೆಚ್ಚ, ನನ್ನ ಅಭಿಪ್ರಾಯದಲ್ಲಿ, ಮಹಾದ್ವಾರದ ಮೇಲೆ ದಾನಿಗಳ ಹೆಸರು ಕೆತ್ತಿಸುವ ವೆಚ್ಚಕ್ಕಿಂತ ಶ್ರೇಷ್ಠವಾದ ದಾನ.

ಅರ್ಘ್ಯ, ಆಚಮನಗಳ ವಿಷಯ ಸಂಕ್ಷೇಪ: ಕತ್ತೆ ಬಾಯಾರಿಕೆಯನ್ನು ತಡೆಯುತ್ತದೆ, ಆದರೆ ಕೊಳಕು ನೀರನ್ನು ಮುಟ್ಟುವುದಿಲ್ಲ. ತೊಟ್ಟಿಯನ್ನು ನಿತ್ಯ ಉಜ್ಜಿ ತೊಳೆಯಬೇಕು, ಅಷ್ಟೆ. ಮಡಿಯ ವಿಷಯದಲ್ಲಿ ಅದು ನಮ್ಮ ಅಜ್ಜಿಯರಿಗೆ ಸಮ.

ನೈವೇದ್ಯದಲ್ಲಿ ನಾವು ಎಡವುವುದು ಹೆಚ್ಚು. ಕಾಳರಾತ್ರಿಗೆ ಬೆಲ್ಲದ ನೈವೇದ್ಯ ವಿಹಿತ. ಆಕೆಯ ವಾಹನಕ್ಕೆ ಅದೇ ಬೆಲ್ಲ ಅಹಿತ. ಒರಟು ನಾರಿನ ಒಣಮೇವಿನಲ್ಲಿ ದಿನವಿಡೀ ಬಾಯಾಡಿಸುವಂತೆ ಅದರ ಜಠರ ರಚಿತವಾಗಿದೆ. ಜೋಳದ ದಂಟು, ಒಣಹುಲ್ಲು ಅದಕ್ಕೆ ಪಕ್ವಾನ್ನ. ಹಬ್ಬದ ಹೋಳಿಗೆ, ಅನ್ನ, ಧಾನ್ಯಗಳನ್ನು ಪ್ರೀತಿಯಿಂದ ತಿನ್ನಿಸಿದರೆ ಕತ್ತಿನ ಮೇಲೆ ಕೊಬ್ಬು ಕಟ್ಟಿ, ಗೊರಸಿನೊಳಗೆ ಉರಿಯೂತವಾಗಿ ನಿಲ್ಲಲಾರದೆ ನರಳುತ್ತದೆ. ಭಕ್ತಿಯಲ್ಲಿಯೂ ಪಥ್ಯವಿರಬೇಕು.

ಉಪಚಾರಗಳಲ್ಲಿ ಹೇಳದ ಒಂದು ಸಂಗತಿಯುಂಟು. ಕತ್ತೆ ಜೊತೆಗಾರನನ್ನು ಆರಿಸಿಕೊಳ್ಳುತ್ತದೆ; ಎರಡು ಕತ್ತೆಗಳು ಒಂದನ್ನೊಂದು ಬಿಟ್ಟಿರವು. ಚಿಕಿತ್ಸೆಗೆಂದು ಒಂದನ್ನು ಬೇರ್ಪಡಿಸಿದರೆ ಇನ್ನೊಂದು ಮೇವು ಬಿಡುತ್ತದೆ. ಮೇವು ಬಿಟ್ಟ ಕತ್ತೆಯ ಮೈಯ ಕೊಬ್ಬೆಲ್ಲ ರಕ್ತಕ್ಕಿಳಿದು ಕೆಲವೇ ದಿನಗಳಲ್ಲಿ ಪ್ರಾಣಕ್ಕೆ ಎರವಾಗುವುದುಂಟು. ಆದುದರಿಂದ ಚಿಕಿತ್ಸೆಯ ಕೊಟ್ಟಿಗೆಯಲ್ಲಿ ಎರಡಕ್ಕೆ ಸ್ಥಳವಿರಬೇಕು. ನೋವನ್ನು ತೋರಗೊಡದ ಪ್ರಾಣಿ ಅದು. ಸುಮ್ಮನೆ ನಿಂತಿದೆಯೆಂದರೆ ಸುಖವಾಗಿದೆಯೆಂದಲ್ಲ. ದಿನವೂ ಒಬ್ಬನೇ ನೋಡಿಕೊಂಡರೆ ಮಾತ್ರ ನಿನ್ನೆಗೂ ಇಂದಿಗೂ ಇರುವ ವ್ಯತ್ಯಾಸ ತಿಳಿದೀತು. ಚೆನ್ನಾಗಿ ಸಾಕಿದ ಕತ್ತೆ ೩೦ ವರ್ಷದ ವರೆಗೂ ಬಾಳೀತು. ಇಂದು ಉತ್ಸಾಹದಿಂದ ತಂದು ಕಟ್ಟುವವನು ೩೦ ವರ್ಷದ ಲೆಕ್ಕ ಹಾಕಬೇಕು. ಸ್ಥಳವಿಲ್ಲದಾಗ ಇನ್ನೊಂದನ್ನು ಸೇರಿಸಿಕೊಳ್ಳದಿರುವುದೂ ದಯೆಯೇ ಎಂಬುದನ್ನು ಒಪ್ಪಲು ಮನಸ್ಸು ಹಿಂಜರಿಯುತ್ತದೆ, ಆದರೂ ಒಪ್ಪಬೇಕು.

ವಿಶಾಖಪಟ್ಟಣದ ನೈಋತ್ಯಕ್ಕೆ, ೨೦೨೨ರಲ್ಲಿ ರಚಿತವಾದ ಅನಕಾಪಲ್ಲಿ ಜಿಲ್ಲೆಗೆ ಸೇರಿದ ಅಚ್ಯುತಾಪುರಂ ಎಂಬ ಊರು ಇಂದು ಕಾರ್ಖಾನೆಗಳ ನೆಲೆಯೆಂದು ನಮಗೆ ಪರಿಚಿತ. ಹೆಸರನ್ನು ಮಾತ್ರ ಯಾರೂ ನಿಂತು ಆಲಿಸುವುದಿಲ್ಲ. ಅಚ್ಯುತನೆಂದರೆ ತನ್ನ ಸ್ವಭಾವದಿಂದ ಜಾರದವನು. ಆತನ ಕರುಣೆಗೆ ರಜೆಯಿಲ್ಲ, ಬೇಸರವಿಲ್ಲ. ನಮ್ಮ ಕರುಣೆಯಾದರೋ ಕ್ಷಣಕ್ಷಣಕ್ಕೂ ಜಾರುವಂಥದು: ಗಾಯಗೊಂಡ ಪ್ರಾಣಿಯನ್ನು ಕಂಡಾಗ ಉಕ್ಕುತ್ತದೆ, ಸೆಗಣಿ ಬಾಚುವ ಮೂರನೆಯ ತಿಂಗಳಲ್ಲಿ ಬತ್ತುತ್ತದೆ. ನಮ್ಮ ಮನಸ್ಸು ಜಾರಿದ ದಿನವೂ ಪ್ರಾಣಿ ಒಣನೆಲದಲ್ಲಿ ನಿಂತಿರಲೆಂದೇ ನೆಲ ಗಟ್ಟಿಸಬೇಕು, ತೊಟ್ಟಿ ಕಟ್ಟಬೇಕು, ಸರದಿಯ ಪಟ್ಟಿಯನ್ನು ಗೋಡೆಗೆ ಹಚ್ಚಬೇಕು. ಜಾರುವವರು ಕೂಡಿ ಮಾಡಬಹುದಾದ ಅಚ್ಯುತಸೇವೆ ಇದು.

ಈ ಸಲ ಸಪ್ತಮಿಯಂದು ಪೂಜೆ ಮುಗಿಸಿ ಸಮೀಪದ ಪ್ರಾಣಿಧಾಮಕ್ಕೆ ಹೋಗುವವರು ಬೆಲ್ಲವನ್ನು ಮನೆಯಲ್ಲಿಯೇ ಬಿಟ್ಟು ಹೋಗಲಿ. ಏನು ತರಲೆಂದು ಮೊದಲೇ ಅಲ್ಲಿಯವರನ್ನು ಕೇಳಲಿ. ಒಂದು ಲಾರಿ ಗರಸು, ನಾಲ್ಕು ತಗಡು, ಧನುರ್ವಾಯುವಿನ ಚುಚ್ಚುಮದ್ದು, ಗೊರಸು ಕೊರೆಯುವವನ ಎರಡು ತಿಂಗಳ ಕೂಲಿ ಎಂದೇ ಅವರು ಹೇಳಿಯಾರು. ವಿಜಯದಶಮಿಯ ತನಕ ಕಾಯದಿದ್ದರೆ ಒಳಿತು. ಈ ತೀರದಲ್ಲಿ ತುಫಾನಿನ ಕಾಲ ದಸರೆಯ ಬೆನ್ನಿಗೇ ಬರುತ್ತದೆ.