ತುಟಿ ಕೂಡುವ ವಾರ

ಗ್ರಹಣದ ಹೊತ್ತಲ್ಲಿ ಬಸುರಿ ಈಳಿಗೆ ಮುಟ್ಟಿದರೆ ಮಗುವಿನ ತುಟಿ ಸೀಳುತ್ತದೆ. ಗೋವಿನಕೋವಿಯ ನಮ್ಮ ಮನೆಯಲ್ಲಿ ಈ ಮಾತನ್ನು ಯಾರೂ ಪ್ರಶ್ನಿಸುತ್ತಿರಲಿಲ್ಲ. 1980ರ ಫೆಬ್ರುವರಿ 16ರ ಸೂರ್ಯಗ್ರಹಣದ ಮಧ್ಯಾಹ್ನ ಆರು ತಿಂಗಳು ತುಂಬಿದ್ದ ಚಿಕ್ಕಮ್ಮ ಬದನೆಕಾಯಿ ಹೆಚ್ಚಿದ್ದಳಂತೆ. ಮೇ ತಿಂಗಳಲ್ಲಿ ಸೀಳು ತುಟಿಯ ಮಗ ಹುಟ್ಟಿದ. ಮೊಲೆ ಚೀಪಲಾರದ ಆ ಕೂಸಿನ ತಲೆಯನ್ನು ಎತ್ತಿ ಹಿಡಿದು, ಒಳಲೆಯಲ್ಲಿ ತೊಟ್ಟು ತೊಟ್ಟಾಗಿ ಹಾಲು ಬಿಡುತ್ತಿದ್ದವಳ ಮೇಲೆಯೇ ಪಾಪದ ಹೊರೆ.

ಮುಂದೆ ಅಂಗರಚನಾಶಾಸ್ತ್ರ ಕಲಿಸುವುದೇ ನನ್ನ ಕಸುಬಾಯಿತು. ಗರ್ಭದ ನಾಲ್ಕನೇ ವಾರ, ಭ್ರೂಣದ ಬೆನ್ನ ಕಡೆ, ಮಿದುಳಾಗಬೇಕಾದ ಮಡಿಕೆಯ ಅಂಚಿನಿಂದ ಒಂದಷ್ಟು ಕೋಶಗಳು ಕಳಚಿಕೊಂಡು ಮುಂದಕ್ಕೆ ಹೊರಡುತ್ತವೆ. ಇವೇ ನ್ಯೂರಲ್ ಕ್ರೆಸ್ಟ್ ಕೋಶಗಳು. ದವಡೆ, ಕೆನ್ನೆಯ ಮೂಳೆ, ಹಣೆಯ ಮೂಳೆ, ಹಲ್ಲಿನ ಒಡಲು ಎಲ್ಲ ಇವುಗಳದ್ದೇ. ಮುಖದ ಸ್ನಾಯುಗಳ ಮೂಲ ಬೇರೆ. ಫ್ರಾನ್ಸಿನ ನಿಕೋಲ್ ಲೆ ದುವಾರಿನ್ ಲಾವಕ್ಕಿಯ ಕೋಶಗಳನ್ನು ಕೋಳಿಯ ಭ್ರೂಣದಲ್ಲಿ ಕಸಿ ಮಾಡಿ ಈ ಪಯಣದ ಜಾಡು ಹಿಡಿದರು. ಮೂಗಿನ ಕೆಳಗೆ ಬೆರಳಿಟ್ಟು ನೋಡಿ, ಆ ತಗ್ಗು ನಡುವಿನಿಂದ ಇಳಿದು ಬಂದ ಭಾಗ. ಎಡಬಲದ ದಿಬ್ಬಗಳು ಬಂದು ಅದಕ್ಕೆ ಕೂಡುವುದು ಆರು-ಏಳನೇ ವಾರದಲ್ಲಿ. ಕೂಡದೆ ಉಳಿದರೆ ಸೀಳು.

ಹಾಗಾದರೆ ನನ್ನ ತಮ್ಮನ ತುಟಿ ಕೂಡಬೇಕಿದ್ದದ್ದು 1979ರ ಅಕ್ಟೋಬರಿನಲ್ಲಿ. ಫೆಬ್ರುವರಿಯ ಈಳಿಗೆಗೆ ಅಲ್ಲಿ ಏನು ಕೆಲಸ?

ಗ್ರಹಣವನ್ನು ಕೈಬಿಟ್ಟವರು ಹಿಂದಿನ ಜನ್ಮದ ಕರ್ಮ ಅನ್ನುತ್ತಾರೆ. ಇದು ನನಗೆ ಇನ್ನೂ ಕ್ರೂರವಾಗಿ ಕಾಣುತ್ತದೆ, ಕರ್ಮಕ್ಕೆ ಅಕ್ಟೋಬರಿನ ಲೆಕ್ಕ ಒಡ್ಡಲು ಬರುವುದಿಲ್ಲವಲ್ಲ. ಬಸಿರು ನಿಂತದ್ದು ಎಷ್ಟೋ ತಾಯಂದಿರಿಗೆ ಇನ್ನೂ ಖಾತ್ರಿಯಾಗದ ವಾರ ಅದು. ಅರಿವಿಲ್ಲದ, ಆಯ್ಕೆಯಿಲ್ಲದ ಕಡೆ ಪಾಪ ಹೇಗೆ ಅಂಟೀತು? ವಂಶವಾಹಿ, ಫೋಲಿಕ್ ಆಮ್ಲದ ಕೊರತೆ, ಮೂರ್ಛೆರೋಗದ ಕೆಲವು ಔಷಧಿ ಕಾರಣವಾಗಬಹುದು. ಎಷ್ಟೋ ಸಲ ಇಂಥದ್ದೇ ಎಂದು ಬೆರಳಿಟ್ಟು ತೋರಿಸಲಾಗದು. ಕಾರಣ ಬೇರೆ, ಅಪರಾಧ ಬೇರೆ. ನಾನು ದೇವರನ್ನು ನಂಬುವವಳು. ಅಷ್ಟು ದೂರದಿಂದ ಹೊರಟ ಕೋಶಗಳು ಬಹುಪಾಲು ಮಕ್ಕಳಲ್ಲಿ ಹೊತ್ತಿಗೆ ಸರಿಯಾಗಿ ಸೇರುತ್ತವಲ್ಲ, ಅದಕ್ಕೆ ಕೈಮುಗಿಯುತ್ತೇನೆ. ಸೇರದಿದ್ದದ್ದನ್ನು ಅವನ ಶಿಕ್ಷೆ ಅನ್ನಲಾರೆ.

ಗರ್ಭೋಪನಿಷತ್ತು ಎರಡನೇ ತಿಂಗಳಿಗೆ ತಲೆ ಮೂಡುತ್ತದೆ ಅನ್ನುತ್ತದೆ. ಎಂಟು ವಾರದ ಭ್ರೂಣದಲ್ಲಿ ತಲೆಯೇ ಹೆಚ್ಚುಕಡಿಮೆ ಅರ್ಧ. ಶರಣರಂತೂ ಗಳಿಗೆ-ಮುಹೂರ್ತದ ಭಯವನ್ನೇ ಒಪ್ಪಲಿಲ್ಲ. ಇವೆರಡನ್ನೂ ಬಲ್ಲ ನಮ್ಮ ಮಠಗಳ ಸ್ವಾಮಿಗಳಲ್ಲಿ ನನ್ನದೊಂದು ಬೇಡಿಕೆ: ಗ್ರಹಣ ಬಂದಾಗ ಪ್ರವಚನದಲ್ಲಿ ಈ ಆರು-ಏಳು ವಾರದ ಲೆಕ್ಕ ಹೇಳಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಸೀಳು ತುಟಿಗೆ ದುಡ್ಡಿಲ್ಲದೆ ಶಸ್ತ್ರಚಿಕಿತ್ಸೆ ಸಿಗುತ್ತದೆ, ಮಗುವಿಗೆ ಮೂರು ತಿಂಗಳಾಗುವ ಹೊತ್ತಿಗೆ ತುಟಿ ಹೊಲಿಯಬಹುದು ಎಂಬುದನ್ನೂ ಹೇಳಿ.