ಗೆದ್ದವನ ಮುಳ್ಳು

ಹಾತಕಣಂಗಲೆ ದಾಟಿ ಕುಂಭೋಜದ ಕಡೆ ಹೊರಳಿದರೆ ಬಾಹುಬಲಿ ಬೆಟ್ಟ. ಇತ್ತ ಕೊಲ್ಹಾಪುರ, ಅತ್ತ ಇಚಲಕರಂಜಿ, ನಡುವೆ ಕಬ್ಬಿನ ಗದ್ದೆಗಳು. 28 ಅಡಿಯ ಮೂರ್ತಿಯ ಮುಂದೆ ಕನ್ನಡ, ಮರಾಠಿ ಎರಡೂ ಮಾತಿನ ಜನ ಕೈಮುಗಿದು ನಿಲ್ಲುತ್ತಾರೆ. ಅವರ ಕಣ್ಣಿಗೆ ಕಾಣುವುದು ಎಲ್ಲವನ್ನೂ ಬಿಟ್ಟು ನಿಂತ ತ್ಯಾಗಿ. ಈತ ಮೂರು ಪಂದ್ಯ ಆಡಿ ಮೂರನ್ನೂ ಗೆದ್ದವನು ಎಂಬುದು ಅಷ್ಟಾಗಿ ನೆನಪಿಗೆ ಬರುವುದಿಲ್ಲ.

ಕಥೆ ಗೊತ್ತಿರುವುದೇ. ಅಣ್ಣ ಭರತ, ತಮ್ಮ ಬಾಹುಬಲಿ. ಇಬ್ಬರ ಹಟಕ್ಕೆ ಎರಡು ಸೇನೆ ಸಾಯುವುದು ಬೇಡವೆಂದು ಮಂತ್ರಿಗಳು ನಿಯಮ ಕಟ್ಟಿದರು: ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ. ಎತ್ತರದ ಆಳಾದ ತಮ್ಮ ಮೊದಲೆರಡನ್ನು ಸಲೀಸಾಗಿ ಗೆದ್ದ. ಮೂರನೆಯದರಲ್ಲಿ ಅಣ್ಣನನ್ನು ಎತ್ತಿ ಹಿಡಿದ. ಸೋತ ಭರತ ನಿಯಮ ಮುರಿದು ಚಕ್ರವನ್ನೇ ಎಸೆದ; ಅದು ಬಾಹುಬಲಿಯನ್ನು ಸುತ್ತಿ ಸುಮ್ಮನಾಯಿತು. ಗೆದ್ದವನು ಆ ಗಳಿಗೆಯಲ್ಲೇ ರಾಜ್ಯವನ್ನು ಸೋತವನಿಗೆ ಬಿಟ್ಟು ತಪಸ್ಸಿಗೆ ನಡೆದ. ಒಂಬತ್ತನೆಯ ಶತಮಾನದಲ್ಲಿ ಜಿನಸೇನರು ಸಂಸ್ಕೃತದಲ್ಲಿ, ಹತ್ತನೆಯ ಶತಮಾನದಲ್ಲಿ ಪಂಪ ಕನ್ನಡದಲ್ಲಿ ಈ ಕಥೆಯನ್ನು ತಮ್ಮ ಆದಿಪುರಾಣಗಳಲ್ಲಿ ಹೇಳಿದರು.

ಗೆದ್ದಮೇಲೆ ಏನು ಎಂಬ ಪ್ರಶ್ನೆ ಇಲ್ಲಿಂದಲೇ ಶುರುವಾಗುತ್ತದೆ. ಗೆಲುವು ಅರಿವಿಗೆ ಮೆಟ್ಟಿಲೋ, ಅಡ್ಡಗಲ್ಲೋ?

ಬ್ಯಾಡ್ಮಿಂಟನ್ ಆಡಿದವರಿಗೆ ಈ ಪ್ರಶ್ನೆ ಬೇಗನೆ ಎದುರಾಗುತ್ತದೆ. ಅಲ್ಲಿ ಹೊಡೆಯುವುದು ಹದಿನಾರು ಗರಿ ಸಿಕ್ಕಿಸಿದ ಐದು ಗ್ರಾಮಿನ ಶಟಲ್. 2023ರಲ್ಲಿ ಭಾರತದ ಸಾತ್ವಿಕ್‌ಸಾಯಿರಾಜ್ ಹೊಡೆದ ಸ್ಮ್ಯಾಶ್ ಗಂಟೆಗೆ 565 ಕಿ.ಮೀ. ವೇಗದ ಗಿನ್ನೆಸ್ ದಾಖಲೆ ಬರೆಯಿತು. ಆದರೂ ರಾಕೆಟ್ ಬಿಟ್ಟ ಮರುಕ್ಷಣದಿಂದ ಗಾಳಿ ಆ ವೇಗವನ್ನು ನುಂಗತೊಡಗುತ್ತದೆ. ಆಟಗಾರರ ಬದುಕೂ ಬಹುಮಟ್ಟಿಗೆ ಹೀಗೇ. ಇಪ್ಪತ್ತೈದರ ಆಸುಪಾಸಿಗೆ ಉತ್ತುಂಗ, ಮೂವತ್ತು ದಾಟುತ್ತಲೇ ಮಂಡಿ ಮಾತಾಡುತ್ತದೆ. ಉಳಿದ ನಲವತ್ತು ಐವತ್ತು ವರ್ಷ?

ಅಮೆರಿಕದ ಮಾರ್ಗರೆಟ್ ವಾರ್ನರ್ 1955 ಮತ್ತು 1956ರಲ್ಲಿ ಆಲ್ ಇಂಗ್ಲೆಂಡ್ ಬ್ಯಾಡ್ಮಿಂಟನ್ ಸಿಂಗಲ್ಸ್ ಗೆದ್ದವರು. ಟೆನಿಸ್, ಸ್ಕ್ವಾಷ್‌ನಲ್ಲೂ ದೇಶದ ಪರ ಆಡಿದರು. 1958ರಲ್ಲಿ ವಿಂಬಲ್ಡನ್ ಡಬಲ್ಸ್ ಫೈನಲ್ ತಲುಪಿದರು. ಆಮೇಲೆ ದೈಹಿಕ ಶಿಕ್ಷಣದ ಪ್ರಾಧ್ಯಾಪಕಿಯಾಗಿ, ಬ್ಯಾಡ್ಮಿಂಟನ್‌ಗೇ ಪಠ್ಯಪುಸ್ತಕ ಬರೆದರು. ನಮ್ಮಲ್ಲಿ ದಮಯಂತಿ ತಾಂಬೆ ರಾಷ್ಟ್ರೀಯ ಚಾಂಪಿಯನ್, ಅರ್ಜುನ ಪ್ರಶಸ್ತಿ ಪಡೆದವರು. 1971ರ ಯುದ್ಧದಲ್ಲಿ ಅವರ ಪತಿ, ವಾಯುಪಡೆಯ ಪೈಲಟ್, ಪಾಕಿಸ್ತಾನದ ನೆಲದಲ್ಲಿ ಕಾಣೆಯಾದರು. ಮುಂದೆ ಅವರು ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದ ದೈಹಿಕ ಶಿಕ್ಷಣ ವಿಭಾಗದಲ್ಲಿ ಕೆಲಸ ಮಾಡಿದರು. ಅಂಕಣ ಬಿಡುವುದೆಲ್ಲ ತ್ಯಾಗವಲ್ಲ. ಕೆಲವರು ತಾವಾಗಿ ಹೊರನಡೆಯುತ್ತಾರೆ, ಕೆಲವರನ್ನು ಬದುಕೇ ಹೊರಗೆ ಎಳೆಯುತ್ತದೆ.

ಅಂಕಣದಿಂದ ತರಗತಿಗೆ ಬಂದವರ ಮೊದಲ ಕಷ್ಟ ಕೈಯದು. ಕೊಲ್ಹಾಪುರದ ನೆರೆಯ ಸಾಂಗ್ಲಿಯಲ್ಲಿ ಹುಟ್ಟಿದ ನಂದು ನಾಟೇಕರ್ 1956ರಲ್ಲಿ ಮಲಯದ ಸೆಲಂಗೋರ್‌ನಲ್ಲಿ ಗೆದ್ದು, ಅಂತರರಾಷ್ಟ್ರೀಯ ಬ್ಯಾಡ್ಮಿಂಟನ್ ಪ್ರಶಸ್ತಿ ಪಡೆದ ಮೊದಲ ಭಾರತೀಯರಾದರು. ಅಂಥವರ ಮಣಿಕಟ್ಟಿಗೆ ಗೊತ್ತಿದ್ದದ್ದನ್ನು ಬಾಯಿಗೆ ತರುವುದು ಹೇಗೆ? ಇಚಲಕರಂಜಿಯ ಮಗ್ಗದ ಮುಂದೆ ನಿಂತರೂ ಇದೇ ಪ್ರಶ್ನೆ. ಇಲ್ಲಿಗೆ ಮೊದಲ ವಿದ್ಯುತ್ ಮಗ್ಗ ಬಂದದ್ದು 1904ರಲ್ಲಿ. ಎಳೆ ಹರಿದರೆ ನೇಕಾರ ಕಣ್ಣು ಮಿಟುಕಿಸುವುದರೊಳಗೆ ಗಂಟು ಹಾಕುತ್ತಾನೆ. ಹೇಗೆ ಹಾಕಿದೆಯಪ್ಪ ಎಂದು ಕೇಳಿ ನೋಡಿ: ಬೆರಳು ತಡವರಿಸುತ್ತದೆ, ಆತನೇ ನಗುತ್ತಾನೆ. ಅಂದಹಾಗೆ ಬ್ಯಾಡ್ಮಿಂಟನ್ ಶಟಲ್‌ಗೆ ಆ ಹೆಸರು ಬಂದದ್ದೂ ಮಗ್ಗದ ಲಾಳಿಯಿಂದಲೇ. ಎರಡೂ ಅತ್ತಿಂದಿತ್ತ ಓಡುತ್ತವೆ.

ಆಕ್ಸ್‌ಫರ್ಡಿನ ತತ್ವಜ್ಞಾನಿ ಗಿಲ್ಬರ್ಟ್ ರೈಲ್ 1949ರಲ್ಲಿ ಈ ಗಂಟಿಗೇ ಕೈಹಾಕಿದ. ಮಾಡಲು ಬರುವುದು ಬೇರೆ, ಇಂಥದ್ದು ಹೀಗೆ ಎಂದು ತಿಳಿದಿರುವುದು ಬೇರೆ. ಮೊದಲನೆಯದು ಎರಡನೆಯದರ ನೆರಳಲ್ಲ ಎಂದ. ಮುಂದೆ ಬಾರ್ಬರಾ ಮೊಂಟೆರೊ ಇನ್ನೊಂದು ಎಳೆ ಸೇರಿಸಿದರು. ಆಕೆ ಬ್ಯಾಲೆ ನರ್ತಕಿಯಾಗಿದ್ದು ಆಮೇಲೆ ನ್ಯೂಯಾರ್ಕಿನಲ್ಲಿ ತತ್ವಶಾಸ್ತ್ರದ ಪ್ರಾಧ್ಯಾಪಕಿಯಾದವರು. ಪಳಗಿದ ಮೈ ಯೋಚಿಸದೆ ಕೆಲಸ ಮಾಡುತ್ತದೆ ಎಂಬ ನಂಬಿಕೆಯನ್ನು ಅವರು 2016ರ ತಮ್ಮ ಪುಸ್ತಕದಲ್ಲಿ ಅಲ್ಲಗಳೆದರು. ನುರಿತವರು ಆಡುವಾಗಲೂ ಯೋಚಿಸುತ್ತಾರೆ, ಆ ಯೋಚನೆ ಆಟವನ್ನು ಕೆಡಿಸುವುದಿಲ್ಲ ಎಂಬುದು ಅವರ ವಾದ. ಅದು ನಿಜವಾದರೆ ಚಾಂಪಿಯನ್ ಪಾಠ ಹೇಳಲು ನಿಂತಾಗ ಹೊಸ ತಲೆಯನ್ನೇನೂ ತರಬೇಕಾಗಿಲ್ಲ. ಇದ್ದ ತಲೆಗೆ ಮಾತು ಕಲಿಸಬೇಕು, ಅಷ್ಟೆ. ಆ ಅಷ್ಟೆಗೇ ವರ್ಷಗಟ್ಟಲೆ ಹಿಡಿಯುತ್ತದೆ.

ಮೈಯ ವಿದ್ಯೆ, ಪುಸ್ತಕದ ವಿದ್ಯೆ ಎರಡಕ್ಕೂ ಒಂದೇ ಊರಿನಲ್ಲಿ ಮನೆ ಕಟ್ಟಿಕೊಟ್ಟವರು ಕೊಲ್ಹಾಪುರದ ಅರಸ ಶಾಹೂ ಮಹಾರಾಜರು. ತಾವೇ ಕುಸ್ತಿ ಬಲ್ಲ ಭಾರಿ ಆಳು. 1912ರಲ್ಲಿ ಖಾಸಬಾಗ್ ಕುಸ್ತಿ ಮೈದಾನ ಕಟ್ಟಿಸಿದರು. ಮರಾಠಾ, ಜೈನ, ಲಿಂಗಾಯತ, ಮುಸ್ಲಿಂ ಹುಡುಗರು ಓದಲೆಂದು ಬೋರ್ಡಿಂಗುಗಳಿಗೆ ಆಸರೆಯಾದರು. ಕುಂಭೋಜದಲ್ಲಿ 1887ರಲ್ಲಿ ಹುಟ್ಟಿದ ಭಾವೂರಾವ್ ಪಾಟೀಲರು ಆ ಜೈನ ಬೋರ್ಡಿಂಗಿನಲ್ಲಿದ್ದು ಓದಿದವರು. ಹೆಚ್ಚು ಓದು ಹತ್ತಲಿಲ್ಲ. ಅವರೇ 1919ರಲ್ಲಿ ರಯತ್ ಶಿಕ್ಷಣ ಸಂಸ್ಥೆ ಕಟ್ಟಿ, ದುಡಿದು ಕಲಿಯುವುದನ್ನು ಅದರ ಕಟ್ಟಳೆ ಮಾಡಿದರು. ಗಡಿಯಾಚೆ ಚಿಕ್ಕೋಡಿ ಸೀಮೆಯ ಯಕ್ಸಂಬಾದ ಶ್ರೀಪತಿ ಖಂಚನಾಳೆ ಇದೇ ಕೊಲ್ಹಾಪುರದ ತಾಲೀಮಿನಲ್ಲಿ ಮಣ್ಣು ಮೆತ್ತಿಕೊಂಡು 1959ರಲ್ಲಿ ಹಿಂದ್ ಕೇಸರಿಯಾದರು. ಮೂರು ವರ್ಷದ ನಂತರ, 1962ರ ನವೆಂಬರ್ 18ರಂದು, ಅದೇ ಊರಿನ ಶಿವಾಜಿ ವಿಶ್ವವಿದ್ಯಾಲಯವನ್ನು ಉದ್ಘಾಟಿಸಿದವರು ತತ್ವಶಾಸ್ತ್ರದ ಮೇಷ್ಟ್ರಾಗಿದ್ದ ರಾಷ್ಟ್ರಪತಿ ರಾಧಾಕೃಷ್ಣನ್.

ಆಟ ಮುಗಿಸಿಯೇ ಪಾಠಕ್ಕೆ ಕೈಹಾಕಬೇಕೆಂದೂ ಇಲ್ಲ. ಪುಣೆಯ ದಿ.ಬ. ದೇವಧರ್ ಎಸ್.ಪಿ. ಕಾಲೇಜಿನಲ್ಲಿ ಸಂಸ್ಕೃತ ಪಾಠ ಮಾಡುತ್ತಲೇ ಮಹಾರಾಷ್ಟ್ರ ತಂಡಕ್ಕೆ ಎರಡು ಬಾರಿ ರಣಜಿ ಟ್ರೋಫಿ ಗೆದ್ದುಕೊಟ್ಟ ನಾಯಕ. ಐವತ್ತು ದಾಟಿದ ಮೇಲೂ ಒಂದೇ ಪಂದ್ಯದ ಎರಡೂ ಇನಿಂಗ್ಸಿನಲ್ಲಿ ಶತಕ ಹೊಡೆದರು. ಅವರ ಮಕ್ಕಳು ತಾರಾ, ಸುಂದರ್, ಸುಮನ್ ಮೂವರೂ ಬ್ಯಾಡ್ಮಿಂಟನ್‌ನಲ್ಲಿ ರಾಷ್ಟ್ರೀಯ ಪ್ರಶಸ್ತಿ ಗೆದ್ದರು.

ಹಿರಣ್ಯಕೇಶಿಯ ದಂಡೆಯ ಗಡಹಿಂಗ್ಲಜಕ್ಕೆ ಬಂದರೆ ಪ್ರಶ್ನೆ ಇನ್ನೊಂದು ಮಗ್ಗುಲಿಗೆ ಹೊರಳುತ್ತದೆ. ಫುಟ್‌ಬಾಲ್ ಹುಚ್ಚಿನ ಊರು ಇದು, ಲಿಂಗಾಯತ ಮನೆಗಳ ಊರೂ ಹೌದು. ಶರಣರ ಕಥೆಗಳಲ್ಲಿ ಹಗ್ಗ ಹೊಸೆಯುವ ನುಲಿಯ ಚಂದಯ್ಯ ಬರುತ್ತಾನೆ. ಹುಲ್ಲು ಕೊಯ್ಯುವಾಗ ಕೊರಳ ಲಿಂಗ ಜಾರಿಬಿತ್ತು. ಆತ ಅದನ್ನು ಎತ್ತಿಕೊಳ್ಳದೆ ಕಾಯಕಕ್ಕೆ ನಡೆದ. ಲಿಂಗವೇ ಹಿಂದೆ ಬಂದು ಅಂಗಲಾಚಿತು. ಪೂಜೆಗಿಂತ ಕೆಲಸ ಮುಂದು ಎಂಬುದಕ್ಕೆ ಈ ಕಥೆ ಹೇಳುವುದುಂಟು. ಅದರಲ್ಲಿ ಇನ್ನೂ ಒಂದು ಸಂಗತಿ ಇದೆ: ಚಂದಯ್ಯ ಯಾರನ್ನೂ ಸೋಲಿಸಲಿಲ್ಲ. ಹಗ್ಗದ ಕಾಯಕದಲ್ಲಿ ಚಾಂಪಿಯನ್ ಇಲ್ಲ. ನಿನ್ನೆಯ ಹಗ್ಗ ಮುಗಿಯಿತು, ಇವತ್ತು ಮತ್ತೆ ಹುಲ್ಲು ತರಬೇಕು.

ಆಟಗಾರರ ಬದುಕಿನಲ್ಲಿ ಎರಡೂ ಹೆಣೆದುಕೊಂಡಿರುತ್ತವೆ: ಕಾಯಕದಂಥ ಸಾಧನೆ, ಗೆಲುವು. ಬೆಳಗಿನ ಐದಕ್ಕೆ ಎದ್ದು ಒಂದೇ ಹೊಡೆತವನ್ನು ನೂರು ಸಲ ತಿದ್ದಿದ ಅಭ್ಯಾಸ ಓದಿನ ಮೇಜಿಗೂ ಬರುತ್ತದೆ. ಗೆಲುವು ಹಾಗಲ್ಲ. ಸಂಶೋಧನೆಯಲ್ಲಿ 21 ಅಂಕಕ್ಕೆ ಆಟ ಮುಗಿಯುವುದಿಲ್ಲ, ನೆಟ್ಟಿನಾಚೆ ಎದುರಾಳಿಯೂ ಇಲ್ಲ. ಸದಲಗಾದಲ್ಲಿ ಹುಟ್ಟಿದ ಆ.ನೇ. ಉಪಾಧ್ಯೆ 1930ರಿಂದ ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ ಪ್ರಾಕೃತ ಕಲಿಸಿದರು. ಓಲೆಗರಿಗಳನ್ನು ಅಕ್ಷರಕ್ಕೆ ಅಕ್ಷರ ತಾಳೆ ನೋಡಿ ಕುಂದಕುಂದರ ಪ್ರವಚನಸಾರವನ್ನು, ಯೋಗೀಂದುವಿನ ಪರಮಾತ್ಮಪ್ರಕಾಶವನ್ನು ಸಂಪಾದಿಸಿದರು. ಆ ಕೆಲಸದಲ್ಲಿ ಸ್ಮ್ಯಾಶ್ ಇಲ್ಲ, ಚಪ್ಪಾಳೆಯಂತೂ ಇಲ್ಲ. ಅಲ್ಲಿ ಬಂದು ಕೂರುವ ಮಾಜಿ ಚಾಂಪಿಯನ್ ಮೊದಲ ವರ್ಷ ಎಲ್ಲರಿಗಿಂತ ಹಿಂದಿನ ಬೆಂಚಿನವರು. ಸಭೆಯಲ್ಲಿ ಮಾತ್ರ ಜನ ಅವರನ್ನು ಹಳೆಯ ಕಪ್ಪಿನ ಹೆಸರಿನಲ್ಲೇ ಪರಿಚಯಿಸುತ್ತಾರೆ.

ಬಾಹುಬಲಿಗೂ ಇದೇ ಆಯಿತು. ಒಂದು ವರ್ಷ ಅನ್ನ ನೀರಿಲ್ಲದೆ ನಿಂತ. ಕಾಲ ಬಳಿ ಹುತ್ತ ಬೆಳೆಯಿತು, ತೋಳಿಗೆ ಬಳ್ಳಿ ಹಬ್ಬಿತು. ಪೂರ್ಣ ಅರಿವಾದ ಕೇವಲಜ್ಞಾನ ಮಾತ್ರ ಬರಲಿಲ್ಲ. ಮನಸ್ಸಿನಲ್ಲಿ ಒಂದು ಮುಳ್ಳು ಉಳಿದಿತ್ತು. ಅಣ್ಣನ ನೆಲದ ಮೇಲೇ ನಿಂತಿದ್ದೇನಲ್ಲ ಎಂಬ ಅಭಿಮಾನದ ಮುಳ್ಳು ಎಂದು ಕೆಲವರು ಹೇಳುತ್ತಾರೆ, ಅಣ್ಣನನ್ನು ನೋಯಿಸಿದೆನಲ್ಲ ಎಂಬ ಕೊರಗಿನ ಮುಳ್ಳು ಎಂದು ಇನ್ನು ಕೆಲವರು. ಯಾವುದಾದರೂ ಆ ಮುಳ್ಳು ಗೆಲುವಿನದೇ. ರಾಜ್ಯ ಬಿಟ್ಟವನಿಗೆ ಗೆದ್ದದ್ದನ್ನು ಬಿಡಲಾಗಲಿಲ್ಲ.

ಆ ಮುಳ್ಳನ್ನು ತೆಗೆದವನು ಬಾಹುಬಲಿಯಲ್ಲ, ಭರತ. ಮೂರು ಪಂದ್ಯ ಸೋತವನು, ನಿಯಮ ಮುರಿದವನು ಬಂದು ತಮ್ಮನ ಮುಂದೆ ಬಾಗಿದ. ಆಗ ಅರಿವು ಮೂಡಿತು. ಗೆದ್ದವನ ಜ್ಞಾನಕ್ಕೆ ಸೋತವನು ಬೇಕಾಯಿತು ಎಂಬುದನ್ನು ನಾವು ಈ ಕಥೆ ಹೇಳುವಾಗ ಬೇಗ ದಾಟಿಬಿಡುತ್ತೇವೆ. ಬೆಟ್ಟದ ಮೇಲಿನ ಮೂರ್ತಿ ತಮ್ಮನದು, ಅಣ್ಣನದಲ್ಲ. 1967ರಲ್ಲಿ ಶ್ರವಣಬೆಳಗೊಳದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾಗಿ ಹೋದ ಉಪಾಧ್ಯೆಯವರ ಕಣ್ಣೆದುರು ನಿಂತಿದ್ದದ್ದೂ ಅದೇ ತಮ್ಮ.

ವಾರ್ನರ್ 1956ರಲ್ಲಿ ಗೆದ್ದ ಆಲ್ ಇಂಗ್ಲೆಂಡ್ ಕಿರೀಟ ಮರುವರ್ಷ ಅವರ ದೇಶದವರೇ ಆದ ಜೂಡಿ ಡೆವ್ಲಿನ್ ಪಾಲಾಯಿತು. ಅದೇ 1957ರಲ್ಲಿ ಮಹಿಳಾ ತಂಡಗಳ ಮೊದಲ ಉಬರ್ ಕಪ್ ನಡೆಯಿತು. ಅದನ್ನು ಗೆದ್ದ ಅಮೆರಿಕ ತಂಡದಲ್ಲಿ ಇಬ್ಬರೂ ಇದ್ದರು, ನೆಟ್ಟಿನ ಒಂದೇ ಬದಿಗೆ.