ಅಮ್ಮನ ನಕ್ಷತ್ರ ಯಾವುದು, ಸ್ವಾಮಿ?



"ಕಾರ್ತಿಕ ಮಾಸ ಶುರುವಾಯಿತಲ್ಲ ಗುರುಸ್ವಾಮಿ, ಮಾಲೆ ಹಾಕಬಹುದಾ?" ಎಂದು ಕನ್ನಿಸ್ವಾಮಿಯೊಬ್ಬರು ಕೇಳಿದರು. ನಮ್ಮ ಕಾರ್ತಿಕ ಚಂದ್ರನ ಲೆಕ್ಕ, ಶಬರಿಮಲೆಯ ಮಂಡಲ ಸೂರ್ಯನ ಲೆಕ್ಕ. ಸೂರ್ಯ ವೃಶ್ಚಿಕ ರಾಶಿಗೆ ಬಂದಾಗ, ಅಂದರೆ ಸಾಮಾನ್ಯವಾಗಿ ನವೆಂಬರ್ 16 ಅಥವಾ 17ಕ್ಕೆ, ಮಲಯಾಳದ ವೃಶ್ಚಿಕಂ 1. ಅಲ್ಲಿಂದ 41 ದಿನ ಮಂಡಲಕಾಲ. ಕ್ರಿ.ಶ. 825ರಿಂದ ಎಣಿಸುವ ಕೊಲ್ಲವರ್ಷದ ತಿಂಗಳುಗಳಿಗೆ ರಾಶಿಯ ಹೆಸರೇ ಇದೆ. ಸಿಂಹ ಮಾಸ ಅವರಿಗೆ ಚಿಂಗಂ. ತುಳುನಾಡಿನವರಿಗೆ ಇದು ಹೊಸದಲ್ಲ. ನಮ್ಮ ಜಾರ್ದೆಯೇ ಅವರ ವೃಶ್ಚಿಕಂ.

ತಿಂಗಳು ಸೂರ್ಯನದು, ಹುಟ್ಟುಹಬ್ಬ ಮಾತ್ರ ಚಂದ್ರನದು. ಹುಟ್ಟಿದ ತಿಂಗಳಲ್ಲಿ ಜನ್ಮನಕ್ಷತ್ರ ಬಂದ ದಿನವೇ ಮಲಯಾಳಿಗಳಿಗೆ ಪಿರನ್ನಾಳ್. ನಮ್ಮ ಸ್ವಾಮಿಯದು ಮೀನಂ ತಿಂಗಳ ಉತ್ರಂ, ನಾವು ಉತ್ತರಾ ಅನ್ನುವ ನಕ್ಷತ್ರ.

ಒಂಬತ್ತನೇ ವರ್ಷದ ಇರುಮುಡಿ ಕಟ್ಟುವ ದಿನ. ಮಾಟುಂಗದ ಕೊಚ್ಚು ಗುರುವಾಯೂರಿನಲ್ಲಿ ಅರ್ಚನೆ ಚೀಟಿ ಬರೆಸುತ್ತಿದ್ದೆ. ನನ್ನದು, ಹೆಂಡತಿಯದು, ಮಕ್ಕಳದು ಪಟಪಟನೆ ಹೇಳಿದೆ. ಅಮ್ಮನದು "ಉತ್ತರ ಏನೋ" ಅಂದೆ. "ಉತ್ರಮೋ, ಉತ್ರಾಡಮೋ, ಉತ್ರಟ್ಟಾದಿಯೋ?" ಎಂದು ಅವರು ಕೇಳಿದರು. ಮೂರೂ ಬೇರೆ ಬೇರೆ: ಉತ್ತರಾ, ಉತ್ತರಾಷಾಢಾ, ಉತ್ತರಾಭಾದ್ರಾ. ನನ್ನ ಬಾಯಿ ಕಟ್ಟಿತು. ಹಿಂದೆ ಕ್ಯೂ ಬೆಳೆಯುತ್ತಿತ್ತು. ಅಮ್ಮನ ಹೆಸರು ಬಿಟ್ಟೇ ಚೀಟಿ ತೆಗೆದುಕೊಂಡೆ.

ಹೊರಗೆ ಬಂದು ಊರಿಗೆ ಫೋನ್ ಮಾಡಿದೆ. "ನಂಗೆಂತ ನಕ್ಷತ್ರ ಮಗಾ? ನಾಗರ ಪಂಚಮಿ ದಿನ ಹುಟ್ಟಿದ್ದಂತೆ. ನೀನು ಜಾಗ್ರತೆ ಹೋಗಿ ಬಾ" ಅಂದಳು.

ಸ್ವಾಮಿಗಳೇ, ಊರಲ್ಲಿದ್ದಷ್ಟು ವರ್ಷ ನನ್ನ ವ್ರತಕ್ಕಾಗಿ ನಸುಕಿನಲ್ಲಿ ತಣ್ಣೀರು ಮಿಂದು ಅಡುಗೆ ಮಾಡಿದವಳು ಅವಳು. ಮಾಲೆ ಹಾಕಿದ ಮೇಲೆ ದಾರಿಯಲ್ಲಿ ಸಿಕ್ಕವರನ್ನೆಲ್ಲ ಸ್ವಾಮಿ ಎಂದು ಕರೆದೆ. ಮನೆಯಲ್ಲಿದ್ದವಳ ಹುಟ್ಟುದಿನ ಯಾವುದೆಂದು ಒಮ್ಮೆಯೂ ಕೇಳಲಿಲ್ಲ. ಹದಿನೆಂಟು ಮೆಟ್ಟಿಲ ಮೇಲೆ ಬರೆದಿರುವ 'ತತ್ತ್ವಮಸಿ'ಯನ್ನು ಎಂಟು ಸಲ ನೋಡಿ ಬಂದವನು ನಾನು!

ಮಲೆಯಿಂದ ಬಂದ ಮೇಲೆ ಪುರೋಹಿತರಲ್ಲಿ ಆ ವರ್ಷದ ಪಂಚಾಂಗ ನೋಡಿಸಿದೆ. ನಾಗರ ಪಂಚಮಿಗೆ ಚಂದ್ರ ಹೆಚ್ಚಾಗಿ ಉತ್ತರಾ ಅಥವಾ ಹಸ್ತದ ಆಸುಪಾಸು ಇರುತ್ತಾನಂತೆ. ಅಮ್ಮನದು ಉತ್ತರಾ. ಸ್ವಾಮಿಯದೇ ನಕ್ಷತ್ರ! ಹೇಳಿದಾಗ ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೌದಾ?" ಅಂದಳು. ಅಷ್ಟೇ.

ಈ ಸಲ ಮಾಲೆ ಹಾಕುವ ಮೊದಲು ಅಪ್ಪ ಅಮ್ಮನ ಕಾಲು ಹಿಡಿಯುತ್ತೀರಲ್ಲ, ಆಗಲೇ ಅವರ ನಕ್ಷತ್ರ ಕೇಳಿ ಬರೆದಿಟ್ಟುಕೊಳ್ಳಿ. ಗೊತ್ತಿಲ್ಲ ಅಂದರೆ ಹುಟ್ಟಿದ ಕಥೆ ಕೇಳಿ. ಅದೂ ಸಿಗದಿದ್ದರೆ ಹೆಸರು ಹೇಳಿ ಶರಣು ಕರೆಯಿರಿ, ಸ್ವಾಮಿಗೆ ಅಷ್ಟು ಸಾಕು. ಆದರೆ ಕೇಳದೆ ಮಲೆ ಹತ್ತಬೇಡಿ.

ಸ್ವಾಮಿ ಶರಣಂ.